ಕ್ಲಾಟ್ ಹತ್ತಿರ ಬಂತು, ಎದೆ ಡವಡವ: ಕೊಡಗಿನ ಮಕ್ಕಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಕಾನೂನು ಓದಬೇಕು ಅಂತ ಹೊರಟ ಪಿಯು ಮಕ್ಕಳ ಜೊತೆ ಕೂತು ಓದಿಸುವುದು ನನ್ನ ಕೆಲಸ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಎಲ್ಲ ಕಡೆಯ ಮಕ್ಕಳೂ ಬರುತ್ತಾರೆ. ಮಳೆಗಾಲದಲ್ಲಿ ಅವರು ಪಾಠದ ಬಗ್ಗೆ ಕೇಳುತ್ತಾರೆ. ಮಡಿಕೇರಿ ದಸರಾ ಮುಗಿದ ಮೇಲೆ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ನಿದ್ದೆ ಬರ್ತಿಲ್ಲ, ಓದಿದ್ದು ನಿಲ್ತಿಲ್ಲ, ಮನೇಲಿ ಏನ್ ಹೇಳೋದು. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುರುಪು ತುಂಬುವ ಭಾಷಣದ ಮೇಲೆ ನನಗೆ ನಂಬಿಕೆ ಕಡಿಮೆ. ನಾನು ನೋಡಿದ ಹಾಗೆ, ಪರೀಕ್ಷೆಯ ಭಯದಲ್ಲಿ ದೊಡ್ಡ ಪಾಲು ತೀರ್ಮಾನವಾಗದೆ ಉಳಿದ ವಿಷಯಗಳದ್ದು. ಹಿಂದಿನ ರಾತ್ರಿ ಎಲ್ಲಿ ಉಳಿಯುವುದು? ಯಾವ ವಿಭಾಗ ಮೊದಲು? ಸೀಟು ಸಿಗದಿದ್ದರೆ ಮುಂದೇನು? ಇವಕ್ಕೆಲ್ಲ ನವೆಂಬರ್‌ನಲ್ಲೇ ಉತ್ತರ ಇದ್ದರೆ ಡಿಸೆಂಬರ್‌ನಲ್ಲಿ ತಲೆ ಹಗುರ.

ಪರೀಕ್ಷೆ ಹೇಗಿರುತ್ತೆ ಅಂತ ಒಂದು ಸಲ ಸರಿಯಾಗಿ ಹೇಳಿಬಿಡಿ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹಳೇ ಪುಸ್ತಕ ನೋಡಿ ಹೆದರುವವರು ಜಾಸ್ತಿ. 2024ನೇ ಸಾಲಿನ ಕ್ಲಾಟ್‌ನಿಂದ ಪದವಿ ಕೋರ್ಸಿನ ಪತ್ರಿಕೆಯಲ್ಲಿ 120 ಪ್ರಶ್ನೆ, 2 ಗಂಟೆ. ಅದಕ್ಕೂ ಮುಂಚೆ 150 ಇತ್ತು. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ, ಬಿಟ್ಟರೆ ಏನೂ ಇಲ್ಲ. ಕಾಗದ, ಪೆನ್ನು, ಉತ್ತರದ ಗುಳ್ಳೆ ತುಂಬುವ ಒಎಂಆರ್ ಹಾಳೆ. ಕಂಪ್ಯೂಟರ್ ಇಲ್ಲ.

ವಿಭಾಗ ಐದು. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಲೀಗಲ್ ರೀಸನಿಂಗ್ 28ರಿಂದ 32, ಲಾಜಿಕಲ್ ರೀಸನಿಂಗ್ 22ರಿಂದ 26, ಗಣಿತ 10ರಿಂದ 14. ಹೆಚ್ಚಿನ ಕಡೆ ಸುಮಾರು 450 ಪದಗಳ ಒಂದು ಬರಹ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಗಣಿತ ಹತ್ತನೇ ಕ್ಲಾಸಿನ ಮಟ್ಟದ್ದು. ಕಾನೂನು ಮೊದಲೇ ಗೊತ್ತಿರಬೇಕು ಅಂತಿಲ್ಲ. ಅವರೇ ಒಂದು ನಿಯಮ ಕೊಡುತ್ತಾರೆ, ಒಂದು ಸನ್ನಿವೇಶ ಕೊಡುತ್ತಾರೆ, ಹೊಂದಿಸಿ ನೋಡಿ ಅನ್ನುತ್ತಾರೆ.

2023, 2024, 2025, ಮೂರೂ ವರ್ಷ ಪರೀಕ್ಷೆ ನಡೆದಿದ್ದು ಡಿಸೆಂಬರ್ ಮೊದಲ ಭಾನುವಾರ, ಮಧ್ಯಾಹ್ನ 2ರಿಂದ 4. ನಿಮ್ಮ ವರ್ಷದ ದಿನಾಂಕವನ್ನು ಮಾತ್ರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದಿದ್ದನ್ನು ನಂಬಬೇಡಿ.

ಎದೆ ಹೊಡ್ಕೊಳ್ಳುತ್ತೆ, ಕೈ ಬೆವರುತ್ತೆ. ನನಗೇ ಯಾಕೆ ಹೀಗೆ?

ನಿಮಗೊಬ್ಬರಿಗೇ ಅಲ್ಲ. ಎದುರಿಗೆ ದೊಡ್ಡದೇನೋ ಇದೆ ಅಂತ ಮೈಗೆ ಗೊತ್ತಾದರೆ ಅಡ್ರಿನಾಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ. ಇದು ಪೂರ್ತಿ ಇಲ್ಲವಾಗಬೇಕು ಅಂತ ಹಟ ಹಿಡಿಯುವುದೇ ತಪ್ಪು. ಯರ್ಕಿಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ಬರೆದ ವಿಷಯ ಇದು: ಸ್ವಲ್ಪ ಒತ್ತಡ ಇದ್ದರೆ ಕೆಲಸ ಚೆನ್ನಾಗಿ ಆಗುತ್ತದೆ, ಕಷ್ಟದ ಕೆಲಸದಲ್ಲಿ ಅದು ಅತಿಯಾದರೆ ಕೆಡುತ್ತದೆ. ಕಾಫಿ ಹುರಿದ ಹಾಗೆ, ಕಡಿಮೆಯಾದರೆ ಹಸಿ, ಹೆಚ್ಚಾದರೆ ಕರಕಲು.

ಹಾಗಾಗಿ "ನಾನು ಹೆದರಬಾರದು, ಹೆದರಬಾರದು" ಅಂತ ಜಪ ಮಾಡಬೇಡಿ. "ಮೈ ತಯಾರಾಗ್ತಿದೆ" ಅಂದುಕೊಳ್ಳಿ. ಇದು ಬರೀ ಸಮಾಧಾನದ ಮಾತಲ್ಲ. ಆಲಿಸನ್ ವುಡ್ ಬ್ರೂಕ್ಸ್ ಎಂಬುವರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುಮ್ಮನಿರಲು ಹೆಣಗಿದವರಿಗಿಂತ "ನನಗೆ ಉತ್ಸಾಹ ಬಂದಿದೆ" ಅಂತ ಬಾಯಿಬಿಟ್ಟು ಹೇಳಿಕೊಂಡವರು ಹಾಡು, ಭಾಷಣ, ಗಣಿತದಲ್ಲಿ ಚೆನ್ನಾಗಿ ಮಾಡಿದರು.

ಉಸಿರಾಟವೂ ಕೆಲಸಕ್ಕೆ ಬರುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಬಿಡುವ ಹೊತ್ತು ಉದ್ದ ಇರಬೇಕು. ಎಂಟು ಹತ್ತು ಸಲ ಮಾಡಿದರೆ ಸಾಕು. ಆದರೆ ಪರೀಕ್ಷೆ ದಿನವೇ ಮೊದಲ ಸಲ ಮಾಡಿದರೆ ಪ್ರಯೋಜನ ಇಲ್ಲ. ದಿನಾ ಅಭ್ಯಾಸ ಪತ್ರಿಕೆ ಬಿಡಿಸುವ ಮುಂಚೆ ಮಾಡಿ, ಮೈಗೆ ರೂಢಿಯಾಗಲಿ.

ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮಾಧ್ಯಮ. ಪರೀಕ್ಷೆ ಪೂರ್ತಿ ಇಂಗ್ಲಿಷ್. ನನ್ನಿಂದ ಆಗುತ್ತಾ?

ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ಇರುವುದು ನಿಜ. ಇದು ಕನ್ನಡ ಮಾಧ್ಯಮದ ಮಕ್ಕಳಿಗೆ ಅನ್ಯಾಯ ಅಂತ ನನ್ನ ಅಭಿಪ್ರಾಯ. ಆದರೆ ಅದನ್ನು ಡಿಸೆಂಬರ್ ಒಳಗೆ ನಾವು ಬದಲಾಯಿಸಲು ಆಗುವುದಿಲ್ಲ.

ಇಲ್ಲಿ ಇಂಗ್ಲಿಷ್ ಮಾತಾಡಬೇಕಿಲ್ಲ, ಬರೆಯಬೇಕಿಲ್ಲ. ಓದಿ ಅರ್ಥ ಮಾಡಿಕೊಂಡರೆ ಸಾಕು. ಒಂದೇ ಸುದ್ದಿಯನ್ನು ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಹೊಸ ಪದದ ಅರ್ಥ ಅಲ್ಲೇ ಹೊಳೆಯುತ್ತದೆ. ಡಿಕ್ಷನರಿ ಆಮೇಲೆ. ಪೇಪರ್ ತರುವ ಬಸ್ಸು ನಿಮ್ಮ ಊರಿಗೆ ಹನ್ನೊಂದು ಗಂಟೆಗೆ ಬರುತ್ತದೆ ಅಂದರೆ ನಿನ್ನೆಯದನ್ನೇ ಓದಿ, ಏನೂ ನಷ್ಟ ಇಲ್ಲ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಸ್ಕೂಲಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಅಂತ ಬೆಳೆದ ಮಕ್ಕಳಿಗೆ ಇನ್ನೊಂದು ಭಾಷೆ ಓದಿ ಅರ್ಥ ಮಾಡಿಕೊಳ್ಳುವುದು ಅಂಥ ಪರದೇಶವೇನೂ ಅಲ್ಲ.

ಓದೋಕೆ ಮನಸ್ಸೇ ಬರ್ತಿಲ್ಲ. ಮೋಟಿವೇಶನ್ ವಿಡಿಯೋ ನೋಡಿದರೆ ಅರ್ಧ ಗಂಟೆ ಇರುತ್ತೆ, ಆಮೇಲೆ ಮತ್ತೆ ಅಷ್ಟೇ.

ಅರ್ಧ ಗಂಟೆ ಇರುತ್ತೆ ಅನ್ನುವುದೇ ದೊಡ್ಡ ವಿಷಯ! ವಿಡಿಯೋದಲ್ಲಿ ಬರುವುದು ಬೇರೆಯವರ ಹುರುಪು. ನಿಮ್ಮದು ಬರಬೇಕಾದರೆ ಓದುವ ವಿಷಯ ನಿಮ್ಮ ಮನೆಯ ಅಂಗಳಕ್ಕೆ ಬರಬೇಕು. ಕೊಡಗಿನಲ್ಲಿ ಇದಕ್ಕೆ ಬರ ಇಲ್ಲ. ಕಾನೂನು ನಮ್ಮ ಮನೆಯೊಳಗೇ ಕೂತಿದೆ.

ಕೋವಿಯನ್ನೇ ತಗೊಳ್ಳಿ. ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿರುತ್ತೀರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಆದರೆ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಅದರಿಂದ ವಿನಾಯಿತಿ ಇದೆ. ಇದು ಸರಿಯಲ್ಲ, ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಅರ್ಜಿ ಹೋಯಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈಗ ಪೆನ್ನು ತಗೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುತ್ತದೆ. ಆದರೆ ಜನರನ್ನು ಗುಂಪು ಮಾಡಿ ಬೇರೆ ಬೇರೆ ನಿಯಮ ಮಾಡಬಹುದು. ಅದಕ್ಕೆ ಎರಡು ಷರತ್ತು. ಗುಂಪು ಮಾಡಿದ್ದಕ್ಕೆ ಸರಿಯಾದ ಆಧಾರ ಇರಬೇಕು. ಆ ಆಧಾರಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧ ಇರಬೇಕು. ಕೋವಿ ವಿನಾಯಿತಿ ಈ ಎರಡರಲ್ಲೂ ಪಾಸಾಗುತ್ತಾ? ಹೌದು ಅಂತ ಐದು ಸಾಲು ಬರೆಯಿರಿ, ಇಲ್ಲ ಅಂತ ಐದು ಸಾಲು ಬರೆಯಿರಿ. ವಿರುದ್ಧವಾಗಿ ಬರೆಯುವಾಗ ಮನೆಯವರಿಗೆ ತೋರಿಸಬೇಡಿ, ಅಷ್ಟೇ! ಲೀಗಲ್ ರೀಸನಿಂಗ್ ವಿಭಾಗದಲ್ಲಿ ಕೇಳುವುದೂ ಇದನ್ನೇ.

ಕೋವಿ ಬೇಡವಾದರೆ ಬಾಣೆ, ಅಂದರೆ ಗದ್ದೆಯ ಜೊತೆ ಬರುವ ಕಾಡು, ಹುಲ್ಲಿನ ಜಮೀನು ಇದೆ. ಪಟ್ಟೆದಾರರ ಹೆಸರು, ಆರ್‌ಟಿಸಿ, ಪಾಲು ಅಂತ ಅಜ್ಜನ ಕಾಲದಿಂದ ನಡೆಯುತ್ತಿರುವ ಜಗಳ ಎಷ್ಟೋ ಮನೆಗಳಲ್ಲಿದೆ. ನಾಗರಹೊಳೆ ಕಾಡಿನಲ್ಲಿ ಜೇನುಕುರುಬರು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಕೇಳುತ್ತಿರುವ ಹಕ್ಕು ಇದೆ. ಇವುಗಳಲ್ಲಿ ಒಂದರ ಬೆನ್ನು ಹತ್ತಿ. ಕುತೂಹಲ ಹುಟ್ಟಿದ ಮೇಲೆ ಕೂತು ಓದಲು ಯಾರೂ ಹೇಳಬೇಕಾಗಿಲ್ಲ.

ಮತ್ತೆ ಒಂದು ಸಣ್ಣ ಉಪಾಯ. "ಇವತ್ತು ಆರು ಗಂಟೆ ಓದ್ತೀನಿ" ಅಂತ ಹೊರಡಬೇಡಿ. "ಕಾಫಿ ಕುಡಿದ ಮೇಲೆ ಎರಡು ಪ್ಯಾಸೇಜ್" ಅಂತ ಇಟ್ಟುಕೊಳ್ಳಿ. ಮನಸ್ಸು ಇದ್ದರೂ ಇಲ್ಲದಿದ್ದರೂ ಎರಡು. ಹೆಚ್ಚಿನ ದಿನ ಎರಡು ಮುಗಿಸಿದ ಮೇಲೆ ಮೂರನೆಯದನ್ನು ತೆರೆದಿರುತ್ತೀರಿ.

ಮಾಕ್ ಟೆಸ್ಟ್ ಅಂಕ ಒಂದು ವಾರ ಏರುತ್ತೆ, ಇನ್ನೊಂದು ವಾರ ದಬಕ್ ಅಂತ ಬೀಳುತ್ತೆ. ಅವತ್ತು ಊಟವೂ ಸೇರಲ್ಲ.

ಅಂಕ ನೋಡಿ ಪುಸ್ತಕ ಮುಚ್ಚಿದರೆ ಆ ಎರಡು ಗಂಟೆ ವ್ಯರ್ಥ. ಮಾಕ್ ಬರೆಯುವುದಕ್ಕಿಂತ ಅದನ್ನು ಬಿಚ್ಚಿ ನೋಡುವುದಕ್ಕೆ ಜಾಸ್ತಿ ಹೊತ್ತು ಕೊಡಬೇಕು. ತಪ್ಪುಗಳನ್ನು ಮೂರು ಗುಂಪು ಮಾಡಿ: ಗೊತ್ತಿರಲಿಲ್ಲ, ಅವಸರದಲ್ಲಿ ಓದಿದೆ, ಎರಡು ಉತ್ತರದ ನಡುವೆ ಸಿಕ್ಕಿಬಿದ್ದೆ. ಹೆಚ್ಚಿನ ಮಕ್ಕಳಲ್ಲಿ ಎರಡನೇ ಗುಂಪು ಎಲ್ಲಕ್ಕಿಂತ ದಪ್ಪಗಿರುತ್ತದೆ. ಅಂದರೆ ಕೊರತೆ ಬುದ್ಧಿಯದ್ದಲ್ಲ, ಅವಸರದ್ದು. ಅದನ್ನು ಕಣ್ಣಾರೆ ಕಂಡರೆ ಅರ್ಧ ಧೈರ್ಯ ಬರುತ್ತದೆ.

ನೆಗೆಟಿವ್ ಅಂಕದ ಭಯವನ್ನು ಲೆಕ್ಕ ಹಾಕಿಯೇ ಕಳೆದುಕೊಳ್ಳಿ. ನಾಲ್ಕು ಆಯ್ಕೆ ಇವೆ. ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಸಿಗುವುದು 0.06 ಅಂಕ, ಇಲ್ಲ ಅಂದರೂ ನಡೆಯುತ್ತದೆ. ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾಗಿ ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಸುಮಾರು 0.38 ಅಂಕ. ಅದನ್ನು ಬಿಡುವುದು ದಡ್ಡತನ. ಹಾಗಾಗಿ ನಿಯಮ ಸರಳ: ಎರಡನ್ನು ಹೊಡೆದುಹಾಕಲು ಆದರೆ ಗುರುತು ಹಾಕಿ, ಒಂದೂ ಆಗದಿದ್ದರೆ ಮುಂದೆ ಹೋಗಿ. ಈ ತೀರ್ಮಾನ ಮನೆಯಲ್ಲೇ ಆಗಿರಬೇಕು. ಹಾಲ್‌ನಲ್ಲಿ ಪ್ರತಿ ಪ್ರಶ್ನೆಗೂ "ಹಾಕಲಾ, ಬಿಡಲಾ" ಅಂತ ಒದ್ದಾಡಿದರೆ ತಲೆ ಬೇಗ ದಣಿಯುತ್ತದೆ.

ವಿಭಾಗಗಳ ಕ್ರಮವೂ ಹಾಗೇ. ನಾನು ಮಕ್ಕಳಿಗೆ ಹೇಳುವುದು: ಪ್ರಚಲಿತ ವಿದ್ಯಮಾನ 12 ನಿಮಿಷ, ಲೀಗಲ್ 35, ಲಾಜಿಕಲ್ 30, ಇಂಗ್ಲಿಷ್ 23, ಗಣಿತ 15. ಐದು ನಿಮಿಷ ಕೈಯಲ್ಲಿ ಉಳಿಯುತ್ತದೆ. ಪ್ರಚಲಿತ ಮೊದಲು ಯಾಕೆ ಅಂದರೆ, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ತಲೆ ಕೆರೆದುಕೊಂಡು ಕೂರುವ ಹಾಗಿಲ್ಲ. ನಿಮಗೆ ಬೇರೆ ಕ್ರಮ ಹಿಡಿಸಿದರೆ ಅದೇ ಇರಲಿ. ಕೊನೆಯ ವಾರದಲ್ಲಿ ಮಾತ್ರ ಬದಲಾಯಿಸಬೇಡಿ.

ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆನ್‌ಲೈನ್ ಕ್ಲಾಸ್ ತಪ್ಪಿದರೆ ಬೆಂಗಳೂರು ಮಕ್ಕಳು ಮುಂದೆ ಹೋಗ್ತಾರೆ ಅನ್ನಿಸುತ್ತೆ.

ಜೂನ್‌ನಿಂದ ಆಗಸ್ಟ್‌ವರೆಗೆ ಇದು ನಮ್ಮ ಪಾಡು. ಮರ ಬಿದ್ದರೆ ಲೈನ್ ಸರಿಹೋಗಲು ದಿನಗಟ್ಟಲೆ ಬೇಕು. ಪೇಟೆಗೆ ಹೋದಾಗ ಒಂದಿಷ್ಟು ಮಾಕ್ ಪತ್ರಿಕೆ ಪ್ರಿಂಟ್ ಹಾಕಿಸಿ ತಂದಿಡಿ. ಪರೀಕ್ಷೆ ಇರುವುದೇ ಕಾಗದದ ಮೇಲೆ. ಮಳೆಗೆ ಶಾಲೆ ಕಾಲೇಜಿಗೆ ರಜೆ ಕೊಟ್ಟ ದಿನ ಕಿಟಕಿ ಬೆಳಕಲ್ಲಿ ಕೂತು ಕಾಗದದಲ್ಲಿ ಬಿಡಿಸಿದ ಪತ್ರಿಕೆ, ಮೊಬೈಲಲ್ಲಿ ನೋಡಿದ ಹತ್ತು ವಿಡಿಯೋಗಿಂತ ಮೇಲು.

ರಾತ್ರಿ ಎಚ್ಚರ ಇರೋಕೆ ಕಾಫಿ ಕುಡಿಯಬಹುದಾ?

ಕೊಡಗಿನಲ್ಲಿ ಈ ಪ್ರಶ್ನೆಗೆ ಬೇಡ ಅಂದರೆ ನನ್ನನ್ನು ಊರಿಂದ ಓಡಿಸುತ್ತಾರೆ. ಕುಡಿಯಿರಿ, ಆದರೆ ಮಧ್ಯಾಹ್ನದ ಊಟದವರೆಗೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ನಮ್ಮಲ್ಲಿ ಬೆಳೆಯುವುದರಲ್ಲಿ ಹೆಚ್ಚಿನದು ರೊಬಸ್ಟಾ. ಅದರಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಸಂಜೆ ಆರಕ್ಕೆ ಮನೆಯ ಗಟ್ಟಿ ಡಿಕಾಕ್ಷನ್ ಎರಡು ಲೋಟ ಕುಡಿದು, ರಾತ್ರಿ ಹನ್ನೊಂದಕ್ಕೆ "ಟೆನ್ಶನ್, ನಿದ್ದೆ ಬರ್ತಿಲ್ಲ, ಎದೆ ಬಡ್ಕೊಳ್ತಿದೆ" ಅಂತ ಫೋನ್ ಮಾಡುವ ಮಕ್ಕಳಿದ್ದಾರೆ. ಅದರಲ್ಲಿ ಟೆನ್ಶನ್ ಎಷ್ಟು, ಡಿಕಾಕ್ಷನ್ ಎಷ್ಟು ಹೇಳುವುದು ಕಷ್ಟ.

ಪರೀಕ್ಷೆ ದಿನ ದಿನನಿತ್ಯದಷ್ಟೇ ಕುಡಿಯಿರಿ. ಜಾಸ್ತಿಯೂ ಬೇಡ, ಪೂರ್ತಿ ಬಿಡುವುದೂ ಬೇಡ. ರೂಢಿ ಇದ್ದವರು ಒಮ್ಮೆಲೇ ಬಿಟ್ಟರೆ ತಲೆನೋವು ಗ್ಯಾರಂಟಿ.

ಭತ್ತದ ಸುಗ್ಗಿ ಹಬ್ಬ ಹುತ್ತರಿ ಹತ್ತಿರವೇ ಬರುತ್ತೆ. ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗಬೇಕಾ, ಬೇಡವಾ?

ಪ್ರತಿ ವರ್ಷ ಇದರ ಮೇಲೆ ಯಾವುದಾದರೂ ಮನೆಯಲ್ಲಿ ಜಗಳ ಆಗಿಯೇ ಆಗುತ್ತದೆ. ಹಬ್ಬದ ದಿನ, ಕದಿರು (ಭತ್ತದ ತೆನೆ) ತೆಗೆಯುವ ಹೊತ್ತು ಎಲ್ಲ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಗದಿಯಾಗುತ್ತದೆ. ಬರುವುದು ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್. 2025ರಲ್ಲಿ ಡಿಸೆಂಬರ್ 4ರ ರಾತ್ರಿ ಹುಣ್ಣಿಮೆ, 7ಕ್ಕೆ ಕ್ಲಾಟ್. ನಡುವೆ ಎರಡೇ ದಿನ.

ನನ್ನ ಉತ್ತರ: ಹೋಗಿ. ಆ ಒಂದು ಸಂಜೆ ಮನೆಯಲ್ಲಿ ಒಬ್ಬರೇ ಕೂತರೆ ಓದುವುದು ಅಷ್ಟರಲ್ಲೇ ಇದೆ. ಎಲ್ಲರೂ ಗದ್ದೆಯಲ್ಲಿ "ಪೊಲಿ ಪೊಲಿ ದೇವಾ" ಅಂತ ಕೂಗುತ್ತಿರುವಾಗ, ಕೋವಿ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತಿರುವಾಗ, ಗಣಿತದ ಶೇಕಡಾ ಲೆಕ್ಕ ತಲೆಗೆ ಹೋಗುತ್ತದಾ? ಕದಿರು ತೆಗೆಯುವ ಮುಹೂರ್ತ ರಾತ್ರಿಯಾದರೂ ತೀರಾ ಸರಿರಾತ್ರಿಯೇನಲ್ಲ. ಕದಿರು ತಂದು, ತಂಬಿಟ್ಟು ತಿಂದು, ಮಲಗಿ.

ಹಬ್ಬಕ್ಕಿಂತ ಜಾಸ್ತಿ ಕಾಡುವುದು ನೆಂಟರ ಪ್ರಶ್ನೆ. "ಏನ್ ಪರೀಕ್ಷೆ ಅದು? ಪಾಸಾಗ್ತೀಯಾ? ಲಾಯರ್ ಯಾಕೆ, ಆರ್ಮಿಗೆ ಹೋಗಬಾರದಾ?" ಚಿಕ್ಕಪ್ಪ, ದೊಡ್ಡಮ್ಮ, ಮಾವ, ಎಲ್ಲರೂ ಕೇಳುತ್ತಾರೆ. ಒಂದೇ ಉತ್ತರ ತಯಾರಿಟ್ಟುಕೊಳ್ಳಿ: "ಓದ್ತಾ ಇದ್ದೀನಿ ಮಾವ, ಭಾನುವಾರ ಇದೆ. ಮುಗಿದ ಮೇಲೆ ನಾನೇ ಬಂದು ಹೇಳ್ತೀನಿ." ನಗುನಗುತ್ತಾ ಹೇಳಿ ಅಡುಗೆಮನೆ ಕಡೆ ನಡೆಯಿರಿ. ವಾದಕ್ಕೆ ಇಳಿಯಬೇಡಿ. ವಾದ ಮಾಡಲು ಮುಂದೆ ಜೀವಮಾನ ಪೂರ್ತಿ ಇದೆ.

ಹಬ್ಬದ ಮರುದಿನಗಳ ಕೋಲಾಟ, ಊರೂರು ಸುತ್ತಾಟ ಬಿಡಬಹುದು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಫಿ ಕೊಯ್ಲು ಶುರುವಾಗಿದೆ. ಮನೆಯಲ್ಲಿ ಎಲ್ಲರೂ ದುಡೀತಿರುವಾಗ ನಾನು ಪುಸ್ತಕ ಹಿಡಿದು ಕೂರೋಕೆ ಒಂಥರಾ ಆಗುತ್ತೆ.

ಇದನ್ನು ಕೇಳುವವರಲ್ಲಿ ಸ್ವಂತ ತೋಟದ ಮಕ್ಕಳೂ ಇದ್ದಾರೆ, ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳೂ ಇದ್ದಾರೆ. ಅರೇಬಿಕಾ ಹಣ್ಣಾಗುವುದು ನವೆಂಬರ್, ಡಿಸೆಂಬರ್‌ನಲ್ಲೇ. ಹಣ್ಣು ಕಾಯುವುದಿಲ್ಲ, ಪರೀಕ್ಷೆಯೂ ಕಾಯುವುದಿಲ್ಲ. ಆ ಸಂಕಟ ಸುಳ್ಳಲ್ಲ. ಪೂರ್ತಿ ಬಿಡಿಸಿಕೊಂಡು ಕೂರುವುದಕ್ಕಿಂತ ಒಂದು ಕೆಲಸ ನಿಮ್ಮದು ಅಂತ ವಹಿಸಿಕೊಳ್ಳಿ. ಸಂಜೆ ಕಣದಲ್ಲಿ ಒಣಹಾಕಿದ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚುವುದು, ಇಲ್ಲ ಚೀಲದ ಲೆಕ್ಕ ಬರೆಯುವುದು. ಮುಕ್ಕಾಲು ಗಂಟೆಯ ಕೆಲಸ. ಮೈಗೂ ಓಡಾಟ, ಮನಸ್ಸಿನ ಭಾರವೂ ಇಳಿಯುತ್ತದೆ. ಉಳಿದ ಹೊತ್ತು ಓದಿಗೆ ಅಂತ ಮನೆಯವರ ಹತ್ತಿರ ಬಾಯಿಬಿಟ್ಟು ಮಾತಾಡಿಕೊಳ್ಳಿ. ಕೂಲಿಗೆ ಹೋಗಲೇಬೇಕಾದ ಮನೆಯಾದರೆ ಪರೀಕ್ಷೆಯ ಹಿಂದಿನ ಒಂದು ವಾರವನ್ನಾದರೂ ಕೇಳಿ ಪಡೆಯಿರಿ.

ಹಿಂದಿನ ದಿನವೇ ಹೋಗಬೇಕಾ? ಮಧ್ಯಾಹ್ನ ಎರಡಕ್ಕೆ ತಾನೇ ಪರೀಕ್ಷೆ?

ಅರ್ಜಿ ಹಾಕುವಾಗಲೇ ಪರೀಕ್ಷೆಯ ಊರು ಆರಿಸಬೇಕು. ಕೊಡಗಿನಿಂದ ಮೈಸೂರು, ಮಂಗಳೂರು, ಬೆಂಗಳೂರು ಕಡೆಗೆ ಹೋಗುವವರೇ ಹೆಚ್ಚು. ನಮ್ಮ ಜಿಲ್ಲೆಗೆ ರೈಲಿಲ್ಲ. ಬಸ್ಸು, ಇಲ್ಲ ಕಾರು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕುಶಾಲನಗರದವರಿಗೆ ಇನ್ನೂ ಹತ್ತಿರ, ಅವರು ಬೆಳಿಗ್ಗೆ ಹೊರಟರೂ ಆರಾಮ. ಆದರೆ ಭಾಗಮಂಡಲ, ಕರಿಕೆ, ಶ್ರೀಮಂಗಲ, ಕುಟ್ಟ ಕಡೆಯವರು ಹಿಂದಿನ ದಿನವೇ ಹೋಗಿ. ಡಿಸೆಂಬರ್ ಬೆಳಗಿನ ಮಂಜಲ್ಲಿ ತಿರುವಿನ ರಸ್ತೆ, ತಿತಿಮತಿ ಕಡೆ ಆನೆ ಅಡ್ಡ ನಿಂತರೆ ಗಾಡಿ ಅಲ್ಲೇ. ನಾಗರಹೊಳೆ ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ಬಿಡುವುದೂ ಇಲ್ಲ. ಆನೆಗೆ ಪ್ರವೇಶಪತ್ರ ತೋರಿಸಿ ದಾರಿ ಬಿಡಿಸಿಕೊಳ್ಳಲು ಆಗುತ್ತದಾ?

ಬಸ್ಸಲ್ಲಿ ವಾಂತಿ ಆಗುವವರು ಸಂಪಾಜೆ ಘಾಟಿಯನ್ನು ಲೆಕ್ಕಕ್ಕೆ ತಗೊಳ್ಳಿ. ಮಂಗಳೂರು ಆರಿಸಿ ಬೆಳಿಗ್ಗೆ ಘಾಟಿ ಇಳಿದು, ಹಸಿರು ಮುಖ ಹೊತ್ತು ಹಾಲ್‌ನಲ್ಲಿ ಕೂರುವುದು ಬೇಡ. ಮೈಸೂರಲ್ಲಿ ನೆಂಟರ ಮನೆ ಇದ್ದರೆ ಒಳ್ಳೆಯದು, ಆದರೆ ರಾತ್ರಿ ಹನ್ನೆರಡರವರೆಗೆ ಮಾತಾಡಿಸುವ ಮನೆಯಾದರೆ ಲಾಡ್ಜೇ ವಾಸಿ. ಹಿಂದಿನ ಸಂಜೆ ಒಮ್ಮೆ ಪರೀಕ್ಷಾ ಕೇಂದ್ರದ ಗೇಟಿನವರೆಗೆ ಹೋಗಿ ನೋಡಿ ಬನ್ನಿ. ಹತ್ತು ನಿಮಿಷದ ಕೆಲಸ. ಮರುದಿನ ಅದೇ ಗೇಟು ಪರಿಚಯದ್ದಾಗಿರುತ್ತದೆ.

ಹಿಂದಿನ ರಾತ್ರಿ ಏನು ಓದಬೇಕು?

ಏನೂ ಬೇಡ. ಪ್ರವೇಶಪತ್ರ, ಗುರುತಿನ ಚೀಟಿ, ಎರಡು ಬಾಲ್‌ಪೆನ್, ನೀರಿನ ಬಾಟಲಿ ಒಂದು ಕವರಿನಲ್ಲಿ ಹಾಕಿಡಿ. ಒಳಗೆ ಏನು ತರಬಹುದು ಅನ್ನುವುದು ಪ್ರವೇಶಪತ್ರದಲ್ಲೇ ಇರುತ್ತದೆ, ಅದನ್ನು ಪೂರ್ತಿ ಓದಿ. ನಿದ್ದೆ ಬರದಿದ್ದರೂ ಮಲಗಿರಿ. ಒಂದು ರಾತ್ರಿ ನಿದ್ದೆ ಕಡಿಮೆಯಾದರೆ ಪರೀಕ್ಷೆ ಕೆಡುವುದಿಲ್ಲ. ಹಿಂದಿನ ಒಂದು ವಾರದ ನಿದ್ದೆ ಮುಖ್ಯ, ಓದಿದ್ದು ನೆನಪಿನಲ್ಲಿ ಕೂರುವುದು ನಿದ್ದೆಯಲ್ಲೇ.

ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ತಲೆ ಖಾಲಿಯಾದರೆ?

ಆಗಬಹುದು. ಅದಕ್ಕೂ ಮೊದಲೇ ತಯಾರಿ ಬೇಕು. ಪತ್ರಿಕೆ ಕೆಳಗಿಡಿ. ಎರಡೂ ಪಾದ ನೆಲಕ್ಕೆ ಒತ್ತಿ. ಆ ನಾಲ್ಕು, ಆರರ ಉಸಿರು ಐದು ಸಲ. ಒಂದು ನಿಮಿಷ ಹೋಗುತ್ತದೆ, ಹೋಗಲಿ. ಆಮೇಲೆ ಎಲ್ಲಕ್ಕಿಂತ ಚಿಕ್ಕ ಪ್ಯಾಸೇಜ್ ಹುಡುಕಿ ಅದರಿಂದ ಶುರು ಮಾಡಿ. ಮೊದಲ ಮೂರು ಗುಳ್ಳೆ ತುಂಬಿದ ಮೇಲೆ ಕೈ ತಾನಾಗಿಯೇ ಓಡುತ್ತದೆ.

ಗುಳ್ಳೆ ಅಂದೆ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಿದ ಗುಳ್ಳೆಯನ್ನು ಅಳಿಸಲು ಆಗುವುದಿಲ್ಲ. ಕೊನೆಗೆ ಎಲ್ಲ ಒಟ್ಟಿಗೆ ತುಂಬುತ್ತೇನೆ ಅಂತ ಬಿಟ್ಟವರ ಕೈ 3.50ಕ್ಕೆ ನಡುಗುತ್ತದೆ. 47ರ ಉತ್ತರ 48ರ ಸಾಲಿಗೆ ಹೋದರೆ ಅಲ್ಲಿಂದ ಮುಂದಿನದೆಲ್ಲ ಒಂದು ಮನೆ ಕೆಳಗೆ ಜಾರುತ್ತದೆ. ಒಂದು ಪ್ಯಾಸೇಜ್ ಮುಗಿಯಿತಾ, ಅದರ ಐದಾರು ಗುಳ್ಳೆ ತುಂಬಿ. ತುಂಬುವ ಮುಂಚೆ ಎಡಗೈ ಬೆರಳು ಪ್ರಶ್ನೆ ಸಂಖ್ಯೆಯ ಮೇಲೆ ಇರಲಿ. ಮನೆಯಲ್ಲಿ ಮಾಕ್ ಬರೆಯುವಾಗಲೂ ಒಎಂಆರ್ ಹಾಳೆಯನ್ನೇ ಪ್ರಿಂಟ್ ಹಾಕಿಸಿ ಬಳಸಿ.

ಹಾಲ್‌ಗೆ ಹೋಗುವ ಮುಂಚೆ ಕಾಯುವ ಹೊತ್ತಿಗೆ ಇನ್ನೊಂದು ಉಪಾಯ ಇದೆ. ಹಾಳೆ ತಗೊಂಡು ಹತ್ತು ನಿಮಿಷ ನಿಮ್ಮ ಭಯಗಳನ್ನೆಲ್ಲ ಬರೆಯಿರಿ. ರಾಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಬರೆದ ವಿದ್ಯಾರ್ಥಿಗಳು, ಅದರಲ್ಲೂ ಜಾಸ್ತಿ ಹೆದರುವವರು, ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು. ಬರೆದು ಹರಿದು ಬಿಸಾಕಿ. ಯಾರಿಗೂ ತೋರಿಸಬೇಕಾಗಿಲ್ಲ.

ನಾವು ಅಪ್ಪ ಅಮ್ಮ. ಏನು ಹೇಳಿದರೂ ಮಗಳು ಸಿಡುಕುತ್ತಾಳೆ. ಏನು ಮಾಡೋಣ?

ಕಡಿಮೆ ಹೇಳಿ. "ಚೆನ್ನಾಗಿ ಬರಿ" ಅನ್ನುವುದೂ ಆ ವಾರದಲ್ಲಿ ಭಾರವೇ. ಊಟ, ಬಟ್ಟೆ, ಬಸ್ಸಿನ ಟಿಕೆಟ್ ನೀವು ನೋಡಿಕೊಳ್ಳಿ. ನೆಂಟರ ಫೋನ್ ನೀವೇ ಎತ್ತಿ. ಪಕ್ಕದ ಮನೆಯ ಹುಡುಗನ ಎಂಜಿನಿಯರಿಂಗ್ ಸೀಟಿನ ವಿಷಯ ಡಿಸೆಂಬರ್ ಮುಗಿಯುವವರೆಗೆ ಎತ್ತಬೇಡಿ. ಫಲಿತಾಂಶ ಏನೇ ಬಂದರೂ ಮುಂದೆ ದಾರಿ ಇದೆ ಅಂತ ಒಮ್ಮೆ ಹೇಳಿ, ಅದೂ ಪರೀಕ್ಷೆಗೆ ಮುಂಚೆಯೇ. ಆಮೇಲೆ ಹೇಳಿದರೆ ಅದು ಸಮಾಧಾನ ಮಾಡಿದ ಹಾಗೆ ಕೇಳಿಸುತ್ತದೆ.

ಸೀಟು ಸಿಗದಿದ್ದರೆ ಎಲ್ಲಾ ಮುಗೀತಾ?

ಈ ಪ್ರಶ್ನೆಗೆ ಪರೀಕ್ಷೆಗೆ ಮುಂಚೆಯೇ ಕಾಗದದ ಮೇಲೆ ಉತ್ತರ ಬರೆದಿಡಿ. ನೆಮ್ಮದಿಗೆ ಇದಕ್ಕಿಂತ ಒಳ್ಳೆ ಔಷಧಿ ನನಗೆ ಗೊತ್ತಿಲ್ಲ.

ಮೊದಲು, ಇರುವ ಬಾಗಿಲುಗಳನ್ನು ಸರಿಯಾಗಿ ನೋಡಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25 ಶೇಕಡಾ ಮೀಸಲು ಇದೆ. ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಅರ್ಜಿಯಲ್ಲಿ ಇದನ್ನು ಗುರುತು ಹಾಕಲು ಮರೆಯಬೇಡಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನಲ್ಲಿ ಸೇರಿಲ್ಲ, ಅದರದ್ದು ಐಲೆಟ್ ಅಂತ ಬೇರೆ ಪರೀಕ್ಷೆ. ಓದು ಹೆಚ್ಚು ಕಡಿಮೆ ಒಂದೇ, ಅರ್ಜಿ ಮಾತ್ರ ಬೇರೆ.

ಇನ್ನು ಪ್ರವೇಶ ಪರೀಕ್ಷೆಯೇ ಇಲ್ಲದ ದಾರಿ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಅದರ ಕೆಳಗೆ ಬರುವ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯು ಅಂಕದ ಮೇಲೆ ಸೇರಬಹುದು. ಮೈಸೂರು, ಮಂಗಳೂರು, ಹಾಸನ, ಎಲ್ಲ ಕಡೆ ಕಾನೂನು ಕಾಲೇಜುಗಳಿವೆ. ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುವ ದಾರಿಯೂ ಇದೆ. ಎಲ್ಲಿ ಓದಿದರೂ ಕೊನೆಗೆ ಬರೆಯಬೇಕಾದ್ದು ಅದೇ ಅಖಿಲ ಭಾರತ ವಕೀಲರ ಪರೀಕ್ಷೆ, ಹಾಕುವುದು ಅದೇ ಕರಿ ಕೋಟು.

ದೊಡ್ಡ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಸೇರಿದರೆ ದೊಡ್ಡ ಕಂಪನಿಗಳ ಬಾಗಿಲು ಬೇಗ ತೆರೆಯುತ್ತದೆ ಅನ್ನುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋರ್ಟಿನ ಮಾತು ಬೇರೆ. 2019ರಿಂದ 2024ರವರೆಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಎ.ಎಸ್. ಬೋಪಣ್ಣ ಕೊಡಗಿನವರು. ಅವರು ವಕೀಲರಾಗಿ ನೋಂದಾಯಿಸಿಕೊಂಡಿದ್ದು 1984ರಲ್ಲಿ. ಆಗ ಬೆಂಗಳೂರಿನ ಕಾನೂನು ಶಾಲೆಯೇ ಇರಲಿಲ್ಲ. ಕ್ಲಾಟ್ ಶುರುವಾಗಿದ್ದಂತೂ 2008ರಲ್ಲಿ.

ಪಿಯು ಅಂಕಕ್ಕೆ ಇಷ್ಟು ಬೆಲೆ ಇರುವಾಗ, ಕ್ಲಾಟ್ ಭರದಲ್ಲಿ ಕಾಲೇಜಿನ ಪಾಠ ಬಿಡಬೇಡಿ. ಡಿಸೆಂಬರ್ ಮುಗಿದರೆ ಬೋರ್ಡ್ ಪರೀಕ್ಷೆಗೆ ಉಳಿಯುವುದು ಹೆಚ್ಚು ದಿನ ಅಲ್ಲ.

ಇದು ಬರೀ ಟೆನ್ಶನ್ ಅಲ್ಲ ಅಂತ ಯಾವಾಗ ತಿಳಿಯಬೇಕು?

ಎರಡು ವಾರದಿಂದ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಯಾರ ಜೊತೆಗೂ ಮಾತು ಬೇಡ ಅನ್ನಿಸಿದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ, ತಡಮಾಡದೆ ಹೇಳಿ. ಮನೆಯವರಿಗೆ ಹೇಳಲು ಆಗದಿದ್ದರೆ ಮೇಷ್ಟ್ರಿಗೆ, ಗೆಳೆಯರಿಗೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದೆಬಡಿತ ಇಳಿಸುವ ಮಾತ್ರೆ, ನಿದ್ದೆ ಮಾತ್ರೆ ಯಾರದೋ ಮಾತು ಕೇಳಿ ಮೆಡಿಕಲ್‌ನಿಂದ ತರಬೇಡಿ. ಉಬ್ಬಸ ಇದ್ದವರಿಗೆ ಅಂಥ ಕೆಲವು ಮಾತ್ರೆ ಅಪಾಯ. ಡಾಕ್ಟರ್ ಹೇಳಿದರೆ ಮಾತ್ರ.

ಬರೆದು ಬಂದ ಮೇಲೆ ಕೀ ಉತ್ತರ ನೋಡಬೇಕಾ?

ಅವತ್ತು ರಾತ್ರಿ ಬೇಡ. ಕೋಚಿಂಗ್‌ನವರು ಹಾಕುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಕ್ಕೂಟವೇ ತಾತ್ಕಾಲಿಕ ಕೀ ಬಿಡುತ್ತದೆ, ಆಕ್ಷೇಪಣೆಗೆ ಸಮಯ ಕೊಡುತ್ತದೆ. ಅದರ ಮೇಲೂ ಜಗಳ ಆಗುವುದಿದೆ. 2024ರ ಡಿಸೆಂಬರ್ 1ರ ಪರೀಕ್ಷೆಯ ಕೆಲವು ಉತ್ತರಗಳ ವಿವಾದ ದೆಹಲಿ ಹೈಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಮೇ ತಿಂಗಳಲ್ಲಿ ತೀರ್ಮಾನವಾಯಿತು. ಅಷ್ಟು ದಿನ ಮಕ್ಕಳು ಕಾದರು. ಕಾಯುವಾಗ ಸುಮ್ನೆ ಕೂತರೆ ಹುಚ್ಚು ಹಿಡಿಯುತ್ತದೆ. ಪಿಯು ಪುಸ್ತಕ ತೆರೆಯಿರಿ.

ಇನ್ನೊಂದು ವರ್ಷ ಬಿಟ್ಟು ಮತ್ತೆ ಬರೆಯಬಹುದಾ?

ಬರೆಯಬಹುದು. ಕ್ಲಾಟ್‌ಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಪಿಯುನಲ್ಲಿ ಸಾಮಾನ್ಯ ವರ್ಗಕ್ಕೆ 45 ಶೇಕಡಾ, ಪರಿಶಿಷ್ಟರಿಗೂ ಅಂಗವಿಕಲರಿಗೂ 40 ಇದ್ದರೆ ಸಾಕು. ಆದರೆ ಮನೆಯಲ್ಲಿ ಒಬ್ಬರೇ ಕೂತು ವರ್ಷ ಕಳೆಯುವುದನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಯಾವುದಾದರೂ ಕಾಲೇಜಿಗೆ ಸೇರಿ, ಅಲ್ಲಿಂದಲೇ ಇನ್ನೊಮ್ಮೆ ಬರೆಯಿರಿ. ಅರ್ಜಿ ಸಾಮಾನ್ಯವಾಗಿ ಮಳೆಗಾಲದಲ್ಲಿ ತೆರೆಯುತ್ತದೆ. ಆಗ ನೆಟ್‌ವರ್ಕ್ ಸಿಗುವುದು ಕಷ್ಟ. ಫೋಟೋ, ಸಹಿ, ಜಾತಿ ಪ್ರಮಾಣಪತ್ರ ಎಲ್ಲ ಮೇ ತಿಂಗಳಲ್ಲೇ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.